ಶಾಲೆಯ ದುಡ್ಡು ಮನೆ ಕಂದಾಯದಿಂದ ಬರಬೇಕಾ, ಅಂಗಡಿ ಬಿಲ್ಲಿನಿಂದ ಬರಬೇಕಾ?

1993ರ ಮಾರ್ಚ್. ಅಮೆರಿಕದ ಮಿಶಿಗನ್ ರಾಜ್ಯದ ಉತ್ತರದಲ್ಲಿರುವ ಕಾಲ್ಕಾಸ್ಕಾ ಎಂಬ ಸಣ್ಣ ಊರಿನ ಸರ್ಕಾರಿ ಶಾಲೆಗಳು ಬಾಗಿಲು ಹಾಕಿದವು. ಬೇಸಿಗೆ ರಜೆಗೆ ಇನ್ನೂ ಹತ್ತು ವಾರ ಬಾಕಿ ಇತ್ತು. ಪ್ರವಾಹ ಬಂದಿರಲಿಲ್ಲ, ರೋಗ ಹರಡಿರಲಿಲ್ಲ, ಮೇಷ್ಟರು ಮುಷ್ಕರ ಹೂಡಿರಲಿಲ್ಲ. ಶಾಲೆ ನಡೆಸುವ ದುಡ್ಡು ಮುಗಿದಿತ್ತು, ಅಷ್ಟೇ. ಮನೆ ಕಂದಾಯ ಏರಿಸಲು ಒಪ್ಪಿಗೆ ಕೊಡಿ ಅಂತ ಶಾಲಾ ಮಂಡಳಿ ಊರಿನ ಮತದಾರರನ್ನು ಮತ್ತೆ ಮತ್ತೆ ಕೇಳಿತ್ತು. ಅವರು ಮತ್ತೆ ಮತ್ತೆ ಬೇಡ ಅಂದಿದ್ದರು.

ಕರ್ನಾಟಕದಲ್ಲಿ ಬೆಳೆದವರಿಗೆ ಇದು ಸುಲಭಕ್ಕೆ ಅರ್ಥವಾಗುವುದಿಲ್ಲ. ನಾವು ಮನೆ ಕಂದಾಯ ಕಟ್ಟುವುದು ಪಾಲಿಕೆಗೋ ಪಂಚಾಯಿತಿಗೋ. ರಸ್ತೆ, ಚರಂಡಿ, ಬೀದಿದೀಪಕ್ಕೆ ಅಂತ ಕಟ್ಟುತ್ತೇವೆ. ಜೊತೆಗೆ ಗ್ರಂಥಾಲಯಕ್ಕೆ ಶೇ. 6ರ ಸೆಸ್ ಸೇರುತ್ತದೆ. ಆದರೆ ಸರ್ಕಾರಿ ಶಾಲೆ ಮೇಷ್ಟರ ಸಂಬಳಕ್ಕೂ ನಮ್ಮ ಮನೆ ಕಂದಾಯಕ್ಕೂ ನಂಟಿಲ್ಲ. ಆ ಸಂಬಳ ಬೆಂಗಳೂರಿನ ಬೊಕ್ಕಸದಿಂದ ಬರುತ್ತದೆ. ಬೊಕ್ಕಸ ತುಂಬುವುದು ಬಹುಪಾಲು ಜಿಎಸ್‌ಟಿ, ಪೆಟ್ರೋಲ್ ತೆರಿಗೆ, ಅಬಕಾರಿಯಂಥ ಬಾಬ್ತುಗಳಿಂದ. ಅಂದರೆ ಜನ ಕೊಳ್ಳುವ, ಕುಡಿಯುವ, ಸುಡುವ ವಸ್ತುಗಳ ಮೇಲಿನ ತೆರಿಗೆಯಿಂದ.

ಅಮೆರಿಕದಲ್ಲಿ ಹಾಗಲ್ಲ. ಅಲ್ಲಿ ಒಂದೊಂದು ಊರಿನ ಶಾಲೆಗಳನ್ನು ನೋಡಿಕೊಳ್ಳುವ ಸುಮಾರು 13,000 ಶಾಲಾ ವಲಯಗಳು, ಅಂದರೆ ಸ್ಕೂಲ್ ಡಿಸ್ಟ್ರಿಕ್ಟ್‌ಗಳಿವೆ. ಶಾಲೆಯ ಖರ್ಚಿನಲ್ಲಿ ಹೆಚ್ಚು ಕಡಿಮೆ ಅರ್ಧದಷ್ಟನ್ನು ಆಯಾ ಊರೇ ಹೊಂದಿಸಬೇಕು. ಆ ಪಾಲಿನಲ್ಲಿ ಸಿಂಹಪಾಲು ಮನೆ, ಅಂಗಡಿ, ಕಾರ್ಖಾನೆಗಳ ಆಸ್ತಿ ತೆರಿಗೆ. ಅಲ್ಲಿಗೆ ಹೋದ ನಮ್ಮವರು ಮನೆ ಹುಡುಕುವಾಗ ಅಡುಗೆಮನೆ ನೋಡುವುದಕ್ಕೆ ಮುಂಚೆ ಸ್ಕೂಲ್ ಡಿಸ್ಟ್ರಿಕ್ಟ್ ಯಾವುದು ಅಂತ ಕೇಳುವುದು ಇದಕ್ಕೇ. ಡೆಟ್ರಾಯಿಟ್‌ನ ಸುತ್ತ ಟ್ರಾಯ್, ನೋವೈ ಕಡೆ ನೆಲೆಸಿರುವ ಕನ್ನಡದ ಕುಟುಂಬಗಳಿಗೆ ಈ ಲೆಕ್ಕ ಚೆನ್ನಾಗಿ ಗೊತ್ತು. ಒಳ್ಳೆ ಶಾಲೆ ಇರುವ ಊರಲ್ಲಿ ಮನೆ ದುಬಾರಿ. ಮನೆ ದುಬಾರಿ ಇರುವ ಊರಲ್ಲಿ ಶಾಲೆಗೆ ದುಡ್ಡು ಜಾಸ್ತಿ. ಒಂದು ಇನ್ನೊಂದನ್ನು ಎತ್ತಿ ಹಿಡಿಯುತ್ತದೆ.

ಬಡ ಊರುಗಳಲ್ಲಿ ಇದೇ ಚಕ್ರ ತಿರುಗುಮುರುಗಾಗಿ ಸುತ್ತುತ್ತದೆ. ಟೆಕ್ಸಾಸ್‌ನ ಸ್ಯಾನ್ ಆಂಟೋನಿಯೊ ನಗರದಲ್ಲಿ ಎಡ್ಜ್‌ವುಡ್ ಮತ್ತು ಅಲಾಮೊ ಹೈಟ್ಸ್ ಎಂಬ ಎರಡು ಡಿಸ್ಟ್ರಿಕ್ಟ್‌ಗಳಿವೆ. 1967-68ರ ಲೆಕ್ಕ ನೋಡಿ. ಎಡ್ಜ್‌ವುಡ್‌ನ ಜನ ಪ್ರತಿ 100 ಡಾಲರ್ ಆಸ್ತಿಗೆ 1.05 ಡಾಲರ್ ಕಟ್ಟುತ್ತಿದ್ದರು. ಅದರಿಂದ ರಾಜ್ಯದ ಯೋಜನೆಗೆ ಕೊಡಬೇಕಾದ ಪಾಲು ಕಳೆದು ಮಗುವೊಂದಕ್ಕೆ ಉಳಿಯುತ್ತಿದ್ದದ್ದು 26 ಡಾಲರ್. ಅಲಾಮೊ ಹೈಟ್ಸ್‌ನವರು ಕಟ್ಟುತ್ತಿದ್ದದ್ದು ಬರೀ 85 ಸೆಂಟ್. ಅವರಿಗೆ ಉಳಿಯುತ್ತಿದ್ದದ್ದು 333 ಡಾಲರ್. ಬಡವರು ಜಾಸ್ತಿ ದರದಲ್ಲಿ ತೆರಿಗೆ ಕಟ್ಟಿಯೂ ಆ ತೆರಿಗೆಯಿಂದ ಅವರ ಮಕ್ಕಳಿಗೆ ಹತ್ತರಲ್ಲೊಂದು ಪಾಲೂ ಉಳಿಯುತ್ತಿರಲಿಲ್ಲ. ಎಡ್ಜ್‌ವುಡ್‌ನ ಪೋಷಕರು ಕೋರ್ಟಿಗೆ ಹೋದರು. 1973ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ 5-4ರ ಬಹುಮತದಲ್ಲಿ ಅವರ ವಿರುದ್ಧ ತೀರ್ಪು ಕೊಟ್ಟಿತು. ದೇಶದ ಸಂವಿಧಾನ ಶಿಕ್ಷಣವನ್ನು ಮೂಲಭೂತ ಹಕ್ಕು ಅಂತ ಹೇಳಿಲ್ಲ ಎಂಬುದು ಆ ತೀರ್ಪಿನ ಒಂದು ಮುಖ್ಯ ಆಧಾರ. ಅಲ್ಲಿಂದ ಈ ಜಗಳ ದೇಶದ ರಾಜಧಾನಿ ಬಿಟ್ಟು ಒಂದೊಂದು ರಾಜ್ಯದ ಅಂಗಳಕ್ಕೆ ಬಂತು.

ಈಗ ಆ ಅಂಗಳದಲ್ಲಿ ಮತ್ತೆ ಬಿಸಿ ಏರಿದೆ. ಮನೆ ಬೆಲೆ ಕಳೆದ ಕೆಲವು ವರ್ಷಗಳಲ್ಲಿ ಜಿಗಿದಿದೆ, ಬೆಲೆಯ ಹಿಂದೆ ತೆರಿಗೆಯೂ ಏರಿದೆ. ಶಾಲೆಗೆ ಮನೆ ತೆರಿಗೆಯೇ ಬೇಡ, ಸೇಲ್ಸ್ ಟ್ಯಾಕ್ಸ್ ಏರಿಸಿ ಅದನ್ನೇ ಶಾಲೆಗೆ ಕೊಡೋಣ ಎಂಬ ಮಾತು ಒಂದಲ್ಲ ಒಂದು ರೂಪದಲ್ಲಿ ಹಲವು ರಾಜ್ಯಗಳಲ್ಲಿ ಓಡಾಡುತ್ತಿದೆ.

ಆ ಮಾತಿನ ಹಿಂದಿರುವ ನೋವು ಸುಳ್ಳಲ್ಲ. ಒಬ್ಬ ಅಜ್ಜಿಯನ್ನು ಊಹಿಸಿಕೊಳ್ಳಿ. ಗಂಡ ತೀರಿಕೊಂಡಿದ್ದಾರೆ. 40 ವರ್ಷದ ಹಿಂದೆ ಕೊಂಡ ಮನೆ, ಸಾಲ ಯಾವಾಗಲೋ ತೀರಿದೆ. ಪಿಂಚಣಿ ಅಷ್ಟಕ್ಕಷ್ಟೆ. ಸುತ್ತ ಹೊಸ ಕಂಪನಿಗಳು ಬಂದು ಮನೆಯ ಬೆಲೆ ಮೂರು ಪಟ್ಟಾಯಿತು. ಅಜ್ಜಿಯ ಕೈಗೆ ಒಂದು ಕಾಸೂ ಹೆಚ್ಚಿಗೆ ಬಂದಿಲ್ಲ, ಆದರೆ ತೆರಿಗೆ ಬಿಲ್ ಮಾತ್ರ ದಪ್ಪವಾಗಿದೆ. ಕಟ್ಟದಿದ್ದರೆ ಮನೆ ಹರಾಜಿಗೆ ಬರಬಹುದು. ಮನೆ ಇದ್ದವರೆಲ್ಲ ದುಡ್ಡಿದ್ದವರಲ್ಲ ಅಲ್ವಾ? ಇನ್ನೊಂದು ಮಾತು. ಸೇಲ್ಸ್ ಟ್ಯಾಕ್ಸ್ ಹನಿಹನಿಯಾಗಿ ಹೋಗುತ್ತದೆ, ಜೇಬಿಗೆ ಗೊತ್ತಾಗುವುದಿಲ್ಲ. ಮನೆ ತೆರಿಗೆ ವರ್ಷಕ್ಕೆ ಒಂದೋ ಎರಡೋ ಸಲ ಸಾವಿರಗಟ್ಟಲೆ ಡಾಲರ್‌ನ ಬಿಲ್ಲಾಗಿ ಬಾಗಿಲಿಗೆ ಬರುತ್ತದೆ. ಸಿಟ್ಟು ಬರುವುದು ಕಣ್ಣಿಗೆ ಕಾಣುವ ತೆರಿಗೆಯ ಮೇಲೆ.

ಈ ಬದಲಾವಣೆ ಮಾಡಿದರೆ ಏನಾಗುತ್ತದೆ ಅಂತ ನಾವು ಊಹೆ ಮಾಡಬೇಕಿಲ್ಲ. ಮಿಶಿಗನ್ ಮಾಡಿ ನೋಡಿ 30 ವರ್ಷ ದಾಟಿದೆ.

ಕಾಲ್ಕಾಸ್ಕಾ ಸುದ್ದಿ ಇಡೀ ದೇಶಕ್ಕೆ ಹಬ್ಬಿದ್ದಾಗ ಮಿಶಿಗನ್‌ನ ಗವರ್ನರ್ ಆಗಿದ್ದವರು ರಿಪಬ್ಲಿಕನ್ ಪಕ್ಷದ ಜಾನ್ ಎಂಗ್ಲರ್. ಮನೆ ತೆರಿಗೆ ಇಳಿಸುವ ಪ್ರಸ್ತಾವಗಳನ್ನು ಅಲ್ಲಿನ ಮತದಾರರು ಮೊದಲಿನಿಂದ ತಿರಸ್ಕರಿಸುತ್ತಲೇ ಬಂದಿದ್ದರು. ಆ ವರ್ಷದ ಜೂನ್‌ನಲ್ಲಿ ಕೂಡ ಒಂದು ಬಿದ್ದುಹೋಗಿತ್ತು. ಜುಲೈನಲ್ಲಿ ರಾಜ್ಯದ ಸೆನೆಟ್‌ನಲ್ಲಿ ಡೆಮಾಕ್ರಟಿಕ್ ಪಕ್ಷದ ಡೆಬ್ಬಿ ಸ್ಟಾಬೆನೋ ಒಂದು ತಿದ್ದುಪಡಿ ತಂದರು. ಶಾಲೆ ನಡೆಸಲು ಹಾಕುವ ಸ್ಥಳೀಯ ಆಸ್ತಿ ತೆರಿಗೆಯನ್ನು ಪೂರ್ತಿ ತೆಗೆದುಹಾಕಿ ಅಂತ. ಸಭೆ ಒಪ್ಪಿತು, ಗವರ್ನರ್ ಸಹಿ ಹಾಕಿದರು. ಒಂದೇ ಏಟಿಗೆ 600 ಕೋಟಿ ಡಾಲರ್‌ಗೂ ಹೆಚ್ಚು ಶಾಲಾ ಹಣ ಮಾಯ. ಬದಲಿಗೆ ಎಲ್ಲಿಂದ ತರುತ್ತೇವೆ ಅಂತ ಆ ದಿನ ಯಾರ ಬಳಿಯೂ ಉತ್ತರ ಇರಲಿಲ್ಲ.

ಉತ್ತರ ಹುಡುಕಲು ಕ್ರಿಸ್‌ಮಸ್ ಮುನ್ನಾದಿನದವರೆಗೆ ರಾತ್ರಿ ಹಗಲು ಕೂತರು. ಕೊನೆಗೆ ಜನರ ಮುಂದೆ ಎರಡು ದಾರಿ ಇಟ್ಟರು. ಸೇಲ್ಸ್ ಟ್ಯಾಕ್ಸನ್ನು ಶೇ. 4ರಿಂದ 6ಕ್ಕೆ ಏರಿಸುವುದು ಒಂದು ದಾರಿ. ಅದಕ್ಕೆ ಸಂವಿಧಾನ ತಿದ್ದುಪಡಿ ಬೇಕಾದ್ದರಿಂದ ಮತದಾನ ಆಗಲೇಬೇಕಿತ್ತು. ಜನ ಬೇಡ ಅಂದರೆ ಆದಾಯ ತೆರಿಗೆ ಶೇ. 4.6ರಿಂದ 6ಕ್ಕೆ ತಾನಾಗಿ ಏರುತ್ತಿತ್ತು. ಅದು ಎರಡನೇ ದಾರಿ. 1994ರ ಮಾರ್ಚ್ 15ರಂದು ಶೇ. 69 ಮತದಾರರು ಸೇಲ್ಸ್ ಟ್ಯಾಕ್ಸ್ ದಾರಿಗೆ ಒಪ್ಪಿದರು. ಅದೇ ‘ಪ್ರಪೋಸಲ್ ಎ’.

ಇಲ್ಲಿ ಸ್ವಲ್ಪ ನಿಂತು ನೋಡಬೇಕು. ಈ ಕಥೆ ಹೇಳುವವರು ಬಹಳ ಸಲ ಅರ್ಧ ಮಾತ್ರ ಹೇಳುತ್ತಾರೆ. ಮಿಶಿಗನ್ ಆಸ್ತಿ ತೆರಿಗೆಯನ್ನು ಪೂರ್ತಿ ಬಿಡಲಿಲ್ಲ. ಅಲ್ಲಿ ತೆರಿಗೆಯನ್ನು ‘ಮಿಲ್’ ಲೆಕ್ಕದಲ್ಲಿ ಹೇಳುತ್ತಾರೆ. ಸಾವಿರ ಡಾಲರ್ ತೆರಿಗೆ ಮೌಲ್ಯಕ್ಕೆ ಒಂದು ಡಾಲರ್ ಅಂದರೆ ಒಂದು ಮಿಲ್. ಮೊದಲು ಶಾಲೆ ನಡೆಸಲು ಸರಾಸರಿ 34 ಮಿಲ್‌ನಷ್ಟು ಹಾಕುತ್ತಿದ್ದರು. ಈಗ ಎಲ್ಲ ಆಸ್ತಿಯ ಮೇಲೂ 6 ಮಿಲ್ ಹಾಕಿ ನೇರವಾಗಿ ರಾಜ್ಯವೇ ಶಾಲೆಗೆ ಅಂತ ವಸೂಲಿ ಮಾಡತೊಡಗಿತು. ಸ್ವಂತಕ್ಕೆ ವಾಸವಿಲ್ಲದ ಮನೆ, ಅಂಗಡಿ, ಕಾರ್ಖಾನೆಗಳಿಗೆ ಇನ್ನೂ 18 ಮಿಲ್ ಸ್ಥಳೀಯವಾಗಿ ಉಳಿಯಿತು. ಸಿಗರೇಟಿನ ತೆರಿಗೆ ಪ್ಯಾಕಿಗೆ 25 ಸೆಂಟ್‌ನಿಂದ 75 ಸೆಂಟ್‌ಗೆ ಏರಿತು. ಆದಾಯ ತೆರಿಗೆ ಶೇ. 4.4ಕ್ಕೆ ಇಳಿಯಿತು. ಮನೆಯ ತೆರಿಗೆ ಮೌಲ್ಯ ವರ್ಷಕ್ಕೆ ಶೇ. 5 ಅಥವಾ ಬೆಲೆ ಏರಿಕೆ, ಎರಡರಲ್ಲಿ ಯಾವುದು ಕಡಿಮೆಯೋ ಅಷ್ಟು ಮಾತ್ರ ಏರಬೇಕು ಅಂತ ಮಿತಿ ಬಂತು. ಮನೆ ಮಾರಿದಾಗ ಆ ಮಿತಿ ಕಳಚುತ್ತದೆ. ಹೊಸದಾಗಿ ಮನೆ ಕೊಂಡ ನಮ್ಮವರು ಪಕ್ಕದ ಮನೆಯವರಿಗಿಂತ ನಮಗೇಕೆ ಇಷ್ಟು ಜಾಸ್ತಿ ಅಂತ ತಲೆ ಕೆರೆದುಕೊಳ್ಳುವುದು ಇದರಿಂದಲೇ.

ನನ್ನ ಲೆಕ್ಕದಲ್ಲಿ ನಿಜವಾದ ಬದಲಾವಣೆ ತೆರಿಗೆ ಹಾಕುವುದರಲ್ಲಿ ಅಲ್ಲ, ಹಣ ಹಂಚುವುದರಲ್ಲಿ ಆಯಿತು. ಅದಕ್ಕೂ ಮುಂಚೆ ಬ್ಲೂಮ್‌ಫೀಲ್ಡ್ ಹಿಲ್ಸ್‌ನಂಥ ಶ್ರೀಮಂತ ಊರಿನಲ್ಲಿ ಮಗುವೊಂದಕ್ಕೆ ವರ್ಷಕ್ಕೆ ಸುಮಾರು 10,000 ಡಾಲರ್ ಸಿಗುತ್ತಿತ್ತು. ಉತ್ತರದ ಕಾಡುಸೀಮೆಯ ಬಡ ಡಿಸ್ಟ್ರಿಕ್ಟ್‌ಗಳಲ್ಲಿ ಅದರ ಮೂರನೇ ಒಂದು ಭಾಗ ಇದ್ದರೆ ಹೆಚ್ಚು. 1994-95ರಿಂದ ರಾಜ್ಯ ಎಲ್ಲರಿಗೂ ಒಂದು ಕನಿಷ್ಠ ಮಟ್ಟ ಕಟ್ಟಿತು. ಮಗುವಿಗೆ 4,200 ಡಾಲರ್‌ಗಿಂತ ಕೆಳಗಿದ್ದವರನ್ನು ಆ ಮಟ್ಟಕ್ಕೆ ಎತ್ತಿತು. ಮೂಲ ಗುರಿ 5,000 ಡಾಲರ್. 6,500ಕ್ಕಿಂತ ಮೇಲಿದ್ದ ಊರುಗಳಿಗೆ ಹೆಚ್ಚಿನದ್ದನ್ನು ತಾವೇ ಹೊಂದಿಸಿಕೊಳ್ಳಲು ಬಿಟ್ಟಿತು. ಕೆಳಗಿದ್ದವರಿಗೆ ಪ್ರತಿ ವರ್ಷ ಸ್ವಲ್ಪ ಜಾಸ್ತಿ ಏರಿಸುತ್ತಾ, ಮೇಲಿದ್ದವರಿಗೆ ಸ್ವಲ್ಪ ಕಡಿಮೆ ಏರಿಸುತ್ತಾ ಅಂತರ ಕಿರಿದಾಗುತ್ತಾ ಹೋಯಿತು.

ಅದರ ಫಲ ಮಕ್ಕಳ ಬದುಕಿನಲ್ಲಿ ಕಾಣಿಸಿತು. ಅರ್ಥಶಾಸ್ತ್ರಜ್ಞ ಜೋಶುವಾ ಹೈಮನ್ ಆ ಕಾಲದ ಮಿಶಿಗನ್ ಮಕ್ಕಳನ್ನು ಹಿಂಬಾಲಿಸಿ 2017ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. 4ರಿಂದ 7ನೇ ತರಗತಿಯವರೆಗೆ ವರ್ಷಕ್ಕೆ ಸುಮಾರು 1,000 ಡಾಲರ್ ಹೆಚ್ಚು ಖರ್ಚು ಕಂಡ ಮಕ್ಕಳಲ್ಲಿ ಕಾಲೇಜು ಸೇರುವವರು ನೂರಕ್ಕೆ ಮೂವರಷ್ಟು ಹೆಚ್ಚಿದರು. ಡಿಗ್ರಿ ಮುಗಿಸುವವರೂ ಹೆಚ್ಚಿದರು. ದುಡ್ಡು ಸುರಿದರೆ ಶಾಲೆ ಸುಧಾರಿಸುತ್ತಾ ಅಂತ ಕೇಳುವವರಿಗೆ ಇದು ಒಳ್ಳೆ ಉತ್ತರ. ಆದರೆ ಅದೇ ಅಧ್ಯಯನ ಇನ್ನೊಂದನ್ನೂ ಹೇಳಿತು. ಡಿಸ್ಟ್ರಿಕ್ಟ್‌ಗಳು ಹೆಚ್ಚಿಗೆ ಬಂದ ಹಣವನ್ನು ತಮ್ಮೊಳಗೆ ಹಂಚುವಾಗ ಬಡತನ ಕಡಿಮೆ ಇರುವ ಶಾಲೆಗಳ ಕಡೆಗೇ ವಾಲಿಸಿದ್ದವು. ರಾಜ್ಯದ ಬಾಗಿಲಿಂದ ಸಮವಾಗಿ ಹೊರಟ ದುಡ್ಡು ಊರಿನ ಒಳಗೆ ಮತ್ತೆ ಓರೆಯಾಯಿತು.

ಈಗ ಯಾರ ಜೇಬಿನಿಂದ ಹೋಯಿತು ಅನ್ನುವುದಕ್ಕೆ ಬರೋಣ. ಆ ಕಾಲದ ದರಗಳನ್ನು ಇಟ್ಟುಕೊಂಡು ನಾನೇ ಒಂದು ಲೆಕ್ಕ ಹಾಕಿ ನೋಡಿದೆ. ಒಂದು ಕುಟುಂಬಕ್ಕೆ 80,000 ಡಾಲರ್‌ನ ಸ್ವಂತ ಮನೆ ಇದೆ ಅಂದುಕೊಳ್ಳಿ. ಮಿಶಿಗನ್‌ನಲ್ಲಿ ತೆರಿಗೆ ಮೌಲ್ಯ ಮಾರುಕಟ್ಟೆ ಬೆಲೆಯ ಅರ್ಧ, ಅಂದರೆ 40,000. 34 ಮಿಲ್ ಲೆಕ್ಕದಲ್ಲಿ ಮೊದಲು 1,360 ಡಾಲರ್ ಕಟ್ಟುತ್ತಿದ್ದರು. 6 ಮಿಲ್ ಆದ ಮೇಲೆ 240. ಉಳಿದದ್ದು 1,120. ತೆರಿಗೆ ಬೀಳುವ ಸಾಮಾನಿಗೆ ಅವರು ವರ್ಷಕ್ಕೆ 15,000 ಡಾಲರ್ ಖರ್ಚು ಮಾಡಿದರೆ ಹೆಚ್ಚಿಗೆ ಕಟ್ಟುವ ಸೇಲ್ಸ್ ಟ್ಯಾಕ್ಸ್ 300 ಡಾಲರ್. ಒಟ್ಟಿನಲ್ಲಿ ಅವರಿಗೆ ಲಾಭವೇ.

ಅದೇ ಬೀದಿಯ ಬಾಡಿಗೆ ಮನೆಯವರನ್ನು ನೋಡಿ. ಅವರೂ ಅಷ್ಟೇ ಸಾಮಾನು ಕೊಂಡರೆ ಅದೇ 300 ಡಾಲರ್ ಹೆಚ್ಚಿಗೆ ಕಟ್ಟುತ್ತಾರೆ. ಅವರಿದ್ದ ಮನೆ ಮಾಲೀಕರ ಸ್ವಂತ ವಾಸದ್ದಲ್ಲ. ಹಾಗಾಗಿ ಅದಕ್ಕೆ 6 ಅಲ್ಲ, 24 ಮಿಲ್. ಮಾಲೀಕರಿಗೆ 400 ಡಾಲರ್ ಉಳಿಯುತ್ತದೆ. ಆ ಉಳಿತಾಯವನ್ನು ಬಾಡಿಗೆಯಲ್ಲಿ ಇಳಿಸಿ ಕೊಡಬೇಕು ಅಂತ ಕಾಯಿದೆ ಏನೂ ಇಲ್ಲ. ಇಳಿಸಿದರೆ ಪುಣ್ಯ, ಇಳಿಸದಿದ್ದರೆ ಬಾಡಿಗೆಯವರಿಗೆ ಬರೀ ಹೊರೆ. ನಾವು ಅಜ್ಜಿಯ ನೋವಿನಿಂದ ಹೊರಟೆವು. ಆದರೆ ಮನೆಯೇ ಇಲ್ಲದವರ ತಲೆ ಮೇಲೆ ಬಂದು ನಿಂತೆವು. ಈ ಚರ್ಚೆಯಲ್ಲಿ ನನಗೆ ಅತಿ ಹೆಚ್ಚು ಚುಚ್ಚುವುದು ಇದು. ಮನೆ ಮಾಲೀಕರ ಸಂಘಗಳು ಇವೆ, ಅವರ ಸಭೆಗಳು ನಡೆಯುತ್ತವೆ, ಅವರ ಪರ ಮಸೂದೆಗಳು ಬರುತ್ತವೆ. ಬಾಡಿಗೆಯವರ ಮಾತು ಆ ಸಭೆಗಳಲ್ಲಿ ಕೇಳುವುದು ಅಪರೂಪ.

ಸಂಬಳ ಕಡಿಮೆ ಇದ್ದಷ್ಟೂ ಅದರಲ್ಲಿ ಹೆಚ್ಚು ಪಾಲು ಕೊಳ್ಳುವುದಕ್ಕೇ ಹೋಗುತ್ತದೆ, ಉಳಿತಾಯಕ್ಕೆ ಏನೂ ಮಿಗುವುದಿಲ್ಲ. ಆದ್ದರಿಂದ ಸೇಲ್ಸ್ ಟ್ಯಾಕ್ಸ್ ಸಂಬಳದ ಲೆಕ್ಕದಲ್ಲಿ ಬಡವರಿಗೇ ಭಾರ. ಮಿಶಿಗನ್ ಒಂದು ಒಳ್ಳೆಯದು ಮಾಡಿದೆ, ಮನೆಗೆ ಒಯ್ಯುವ ದಿನಸಿಗೂ ಡಾಕ್ಟರ್ ಬರೆದುಕೊಟ್ಟ ಔಷಧಕ್ಕೂ ಅಲ್ಲಿ ಸೇಲ್ಸ್ ಟ್ಯಾಕ್ಸ್ ಇಲ್ಲ. ಇದರಿಂದ ಭಾರ ಸ್ವಲ್ಪ ಇಳಿಯುತ್ತದೆ. ಎಲ್ಲ ರಾಜ್ಯಗಳೂ ಹಾಗೆ ಮಾಡುವುದಿಲ್ಲ.

ಇನ್ನು ಕೆಟ್ಟ ವರ್ಷದ ಮಾತು. ಇದನ್ನು ನಮ್ಮ ಬೇಸಾಯದ ಭಾಷೆಯಲ್ಲಿ ಹೇಳಿದರೆ ಬೇಗ ಹೊಳೆಯುತ್ತದೆ. ಸೇಲ್ಸ್ ಟ್ಯಾಕ್ಸ್ ನಂಬಿದ ಶಾಲೆ ಮಳೆ ನಂಬಿದ ಹೊಲದ ಹಾಗೆ. ಆಸ್ತಿ ತೆರಿಗೆ ಕೆರೆ ನೀರಿನ ಹಾಗೆ. ಕೆರೆಯೂ ಒಂದೊಂದು ವರ್ಷ ತಗ್ಗುತ್ತದೆ, ಆದರೆ ಮಳೆ ನಿಂತ ಮರುದಿನವೇ ಬತ್ತುವುದಿಲ್ಲ. ಕೆಲಸ ಹೋಗುತ್ತದೆ ಅನ್ನುವ ಭಯ ಬಂದ ಕೂಡಲೇ ಜನ ಮೊದಲು ಮುಂದೂಡುವುದು ಕಾರು, ಫ್ರಿಜ್, ಸೋಫಾ. ಸೇಲ್ಸ್ ಟ್ಯಾಕ್ಸ್ ಕುಸಿಯುವುದು ಅಲ್ಲೇ. ಆದರೆ ಮಕ್ಕಳು ಮಾತ್ರ ಅಷ್ಟೇ ಜನ ಶಾಲೆಗೆ ಬರುತ್ತಾರೆ. ಖಾಸಗಿ ಶಾಲೆಯ ಫೀಸು ಕಟ್ಟಲಾಗದೆ ಇನ್ನಷ್ಟು ಜನ ಸೇರಿಕೊಳ್ಳಲೂಬಹುದು.

ಮಿಶಿಗನ್ ಕಾರಿನ ನಾಡು. 2009ರಲ್ಲಿ ಜನರಲ್ ಮೋಟಾರ್ಸ್ ಮತ್ತು ಕ್ರೈಸ್ಲರ್ ಎರಡೂ ದಿವಾಳಿ ಅರ್ಜಿ ಹಾಕಿದವು. ಅಲ್ಲಿ ಮನೆ ಬೆಲೆಯೂ ಜೋರಾಗಿ ಬಿತ್ತು, ಆದ್ದರಿಂದ ಆಸ್ತಿ ತೆರಿಗೆ ಇದ್ದಿದ್ದರೆ ಎಲ್ಲ ಸರಿ ಇರುತ್ತಿತ್ತು ಅಂತ ಹೇಳಲಾಗದು. ಆದರೆ ಒಂದು ವ್ಯತ್ಯಾಸ ದೊಡ್ಡದು. ಹಳೇ ಪದ್ಧತಿಯಲ್ಲಿ ಊರಿನ ಜನ ಬೇಕು ಅಂದಿದ್ದರೆ ತಮ್ಮ ದರ ಏರಿಸಿಕೊಂಡು ಮೇಷ್ಟರ ಕೆಲಸ ಉಳಿಸಬಹುದಿತ್ತು. ಹೊಸ ಪದ್ಧತಿಯಲ್ಲಿ ಆ ಬಾಗಿಲು ಮುಚ್ಚಿತ್ತು. ಎಲ್ಲರೂ ರಾಜಧಾನಿ ಲಾನ್ಸಿಂಗ್ ಕಡೆ ಮುಖ ಮಾಡಿ ಕೂರಬೇಕು. 2011ರಲ್ಲಿ ಲಾನ್ಸಿಂಗ್ ಮಗುವೊಂದಕ್ಕೆ 470 ಡಾಲರ್ ಕಡಿತ ಮಾಡಿದಾಗ ಊರುಗಳು ಕ್ಲಾಸಿನಲ್ಲಿ ಮಕ್ಕಳನ್ನು ಹೆಚ್ಚಿಸಬೇಕಾಯಿತು, ಸಿಬ್ಬಂದಿ ಇಳಿಸಬೇಕಾಯಿತು.

ರಾಜ್ಯದ ಕೈ ಕೂಡ ಕಟ್ಟಿದೆ. ಸೇಲ್ಸ್ ಟ್ಯಾಕ್ಸಿಗೆ ಶೇ. 6ರ ಮಿತಿ ಸಂವಿಧಾನದಲ್ಲೇ ಬರೆದಿದೆ. ಏರಿಸಬೇಕಾದರೆ ಮತ್ತೆ ಜನಮತ. 2015ರಲ್ಲಿ ರಸ್ತೆಗಾಗಿ ಶೇ. 7ಕ್ಕೆ ಏರಿಸೋಣ ಅಂತ ಕೇಳಿದಾಗ ನೂರಕ್ಕೆ ಎಂಬತ್ತು ಜನ ಬೇಡ ಅಂದರು. ಶಾಲೆಯ ಆಸ್ತಿ ತೆರಿಗೆ ಏರಿಸಲು ಶಾಸನಸಭೆಯ ನಾಲ್ಕರಲ್ಲಿ ಮೂರು ಪಾಲು ಮತ ಬೇಕು. ತೆರಿಗೆಯ ತಳಹದಿಯೂ ಸವೆಯುತ್ತಿತ್ತು. ಮಿಶಿಗನ್‌ನ ಸೇಲ್ಸ್ ಟ್ಯಾಕ್ಸ್ ಬೀಳುವುದು ಹೆಚ್ಚಾಗಿ ವಸ್ತುಗಳ ಮೇಲೆ. ಜನರ ಖರ್ಚು ಮಾತ್ರ ವರ್ಷದಿಂದ ವರ್ಷಕ್ಕೆ ಸೇವೆಗಳ ಕಡೆಗೆ ಸರಿಯುತ್ತಿದೆ. ಕ್ಷೌರಕ್ಕೆ, ಜಿಮ್ಮಿಗೆ, ವಕೀಲರಿಗೆ ಕೊಟ್ಟ ದುಡ್ಡಿನಿಂದ ಶಾಲೆಗೆ ಏನೂ ಬರುವುದಿಲ್ಲ. ಆನ್‌ಲೈನ್ ಖರೀದಿಯಿಂದಲೂ ಬಹಳ ವರ್ಷ ಸೋರಿಕೆ ಇತ್ತು. ಬೇರೆ ರಾಜ್ಯದ ಅಂಗಡಿಯಿಂದ ತೆರಿಗೆ ವಸೂಲಿ ಮಾಡಲು ರಾಜ್ಯಗಳಿಗೆ ಪೂರ್ತಿ ಅಧಿಕಾರ ಸಿಕ್ಕಿದ್ದು ಅಮೆರಿಕದ ಸುಪ್ರೀಂ ಕೋರ್ಟ್ 2018ರಲ್ಲಿ ಕೊಟ್ಟ ವೇಫೇರ್ ತೀರ್ಪಿನ ನಂತರವೇ.

ಪರಿಣಾಮ ಏನಾಯಿತು? ಮಿಶಿಗನ್ ಸ್ಟೇಟ್ ಯೂನಿವರ್ಸಿಟಿಯ ಸಂಶೋಧಕರು 2019ರಲ್ಲಿ ಲೆಕ್ಕ ಹಾಕಿದಾಗ, ಪ್ರಪೋಸಲ್ ಎ ಬಂದ ಮೇಲೆ ಶಾಲೆಗಳ ಒಟ್ಟು ಆದಾಯದ ಬೆಳವಣಿಗೆಯಲ್ಲಿ 50 ರಾಜ್ಯಗಳ ಪೈಕಿ ಮಿಶಿಗನ್ ಕಟ್ಟಕಡೆಯಲ್ಲಿತ್ತು. ಸಮಾನತೆ ಬಂತು, ಆದರೆ ಎಲ್ಲರ ತಟ್ಟೆಯೂ ಸಣ್ಣದಾಗುತ್ತಾ ಬಂತು. ಎಲ್ಲ ಡಿಸ್ಟ್ರಿಕ್ಟ್‌ಗಳಿಗೂ ಒಂದೇ ಕನಿಷ್ಠ ಮೊತ್ತ, ಮಗುವಿಗೆ 8,700 ಡಾಲರ್, ಸಿಗುವಂತಾದದ್ದು 2021ರಲ್ಲಿ. ಆರಂಭದಿಂದ 27 ವರ್ಷ ಹಿಡಿಯಿತು.

ಡೆಟ್ರಾಯಿಟ್ ಕಥೆ ಇನ್ನೂ ಕಷ್ಟದ್ದು. ಹೊಸ ಪದ್ಧತಿಯಲ್ಲಿ ದುಡ್ಡು ಮಗುವಿನ ಹಿಂದೆ ಹೋಗುತ್ತದೆ. ಮಗು ಬೇರೆ ಊರಿನ ಶಾಲೆಗೋ ಚಾರ್ಟರ್ ಶಾಲೆಗೋ (ಸರ್ಕಾರದ ದುಡ್ಡಿನಲ್ಲಿ ಬೇರೆ ಆಡಳಿತದವರು ನಡೆಸುವ ಶಾಲೆ) ಹೋದರೆ ದುಡ್ಡೂ ಹೋಯಿತು. 2000ದ ಸುಮಾರಿಗೆ ಒಂದೂವರೆ ಲಕ್ಷಕ್ಕೂ ಹೆಚ್ಚು ಮಕ್ಕಳಿದ್ದ ಡೆಟ್ರಾಯಿಟ್ ಸರ್ಕಾರಿ ಶಾಲೆಗಳಲ್ಲಿ 15 ವರ್ಷದ ಹೊತ್ತಿಗೆ 50,000 ಆಸುಪಾಸು ಉಳಿದರು. ಇಪ್ಪತ್ತೈದು ಮಕ್ಕಳ ಕ್ಲಾಸಿನಿಂದ ಐವರು ಬಿಟ್ಟು ಹೋದರೆ ಐವರ ದುಡ್ಡು ನಿಲ್ಲುತ್ತದೆ, ಆದರೆ ಮೇಷ್ಟರು ಒಬ್ಬರೇ, ಕೋಣೆಗೆ ಹೀಟರ್ ಅದೇ, ಬಸ್ಸು ಅದೇ. ಜೊತೆಗೆ ಕಟ್ಟಡದ ಖರ್ಚನ್ನು ಪ್ರಪೋಸಲ್ ಎ ಮುಟ್ಟಲೇ ಇಲ್ಲ. ಕಟ್ಟಡಕ್ಕೆ ಊರೇ ಸಾಲ ಎತ್ತಿ, ಊರಿನ ಆಸ್ತಿ ತೆರಿಗೆಯಿಂದಲೇ ತೀರಿಸಬೇಕು. ಹಾಗಾಗಿ ಪಾಠದ ದುಡ್ಡು ಸಮನಾದರೂ ಸೂರು ಮಾತ್ರ ಹಳೇ ಬಡತನದಲ್ಲೇ ಉಳಿಯಿತು. 2016ರ ಜನವರಿಯಲ್ಲಿ ಬೂಸ್ಟು ಹಿಡಿದ ಗೋಡೆ, ಇಲಿ ಓಡಾಡುವ ಕ್ಲಾಸುಗಳನ್ನು ಪ್ರತಿಭಟಿಸಿ ಡೆಟ್ರಾಯಿಟ್ ಮೇಷ್ಟರುಗಳು ಒಟ್ಟಾಗಿ ರಜೆ ಹಾಕಿದರು. ಅದೇ ವರ್ಷ ರಾಜ್ಯ 61.7 ಕೋಟಿ ಡಾಲರ್ ನೆರವು ಕೊಟ್ಟು ಆ ಡಿಸ್ಟ್ರಿಕ್ಟನ್ನು ದಿವಾಳಿಯಿಂದ ಪಾರು ಮಾಡಬೇಕಾಯಿತು.

ದಕ್ಷಿಣ ಕೆರೊಲಿನಾ ಇದೇ ಕೆಲಸವನ್ನು ಇನ್ನೂ ಕೆಟ್ಟ ಗಳಿಗೆಯಲ್ಲಿ ಮಾಡಿತು. 2006ರ ‘ಆಕ್ಟ್ 388’ ಪ್ರಕಾರ ಸ್ವಂತ ವಾಸದ ಮನೆಗಳಿಗೆ ಶಾಲೆ ನಡೆಸುವ ತೆರಿಗೆ ಪೂರ್ತಿ ಮಾಫಿ. ಬದಲಿಗೆ ಸೇಲ್ಸ್ ಟ್ಯಾಕ್ಸ್ ಶೇ. 5ರಿಂದ 6. ಅದು ಜಾರಿಗೆ ಬಂದದ್ದು 2007ರಲ್ಲಿ. ಮರುವರ್ಷವೇ ಆರ್ಥಿಕ ಕುಸಿತ. ಅಂದುಕೊಂಡಷ್ಟು ಸೇಲ್ಸ್ ಟ್ಯಾಕ್ಸ್ ಬರಲಿಲ್ಲ, ರಾಜ್ಯ ತನ್ನ ಸಾಮಾನ್ಯ ಖಜಾನೆಯಿಂದ ತೂತು ಮುಚ್ಚಬೇಕಾಯಿತು. ಅಲ್ಲಿನ ಊರುಗಳಿಗೆ ಈಗ ಶಾಲೆಗೆ ಹೆಚ್ಚು ದುಡ್ಡು ಬೇಕಾದರೆ ಅಂಗಡಿ, ಕಾರ್ಖಾನೆ, ಬಾಡಿಗೆ ಮನೆಗಳ ಮೇಲೆಯೇ ಹಾಕಬೇಕು. ಮತ ಹಾಕುವ ಮನೆ ಮಾಲೀಕರಿಗೆ ಬಿಲ್ ಬರುವುದಿಲ್ಲ. ಬಿಲ್ ಬರುವ ಎಷ್ಟೋ ಜನ ಆ ಊರಲ್ಲಿ ಮತ ಹಾಕುವವರಲ್ಲ. ಈ ನಂಟು ಕಡಿದು ಹೋದದ್ದು ಬೊಕ್ಕಸದ ತೂತಿಗಿಂತ ದೊಡ್ಡ ನಷ್ಟ ಅಂತ ನನಗೆ ಅನ್ನಿಸುತ್ತದೆ. ಶಾಲೆಗೆ ಎಷ್ಟು ಬೇಕು ಅಂತ ತೀರ್ಮಾನ ಮಾಡುವವರೂ, ಅದರ ಭಾರ ಹೊರುವವರೂ ಒಂದೇ ಜನ ಆಗಿದ್ದರೆ ಮಾತ್ರ ತೀರ್ಮಾನದಲ್ಲಿ ತೂಕ ಇರುತ್ತದೆ.

ಪೆನ್ಸಿಲ್ವೇನಿಯಾದಲ್ಲಿ ಇದು ವರ್ಷಗಳಿಂದ ಉರಿಯುತ್ತಿರುವ ಜಗಳ. ಅಲ್ಲಿ 500 ಸ್ಕೂಲ್ ಡಿಸ್ಟ್ರಿಕ್ಟ್‌ಗಳು. ಶಾಲೆಯ ಆಸ್ತಿ ತೆರಿಗೆಯನ್ನೇ ಕಿತ್ತುಹಾಕುವ ಮಸೂದೆ 2015ರ ನವೆಂಬರ್‌ನಲ್ಲಿ ರಾಜ್ಯ ಸೆನೆಟ್‌ಗೆ ಬಂತು. ಸೇಲ್ಸ್ ಟ್ಯಾಕ್ಸ್ ಶೇ. 6ರಿಂದ 7ಕ್ಕೆ, ಅದೂ ಇನ್ನೂ ಹೆಚ್ಚು ವಸ್ತು, ಸೇವೆಗಳ ಮೇಲೆ. ಆದಾಯ ತೆರಿಗೆಯೂ ಏರಿಕೆ. ಮತ 24-24 ಸಮ ಬಿತ್ತು. ಸಭೆಯ ಅಧ್ಯಕ್ಷತೆ ವಹಿಸಿದ್ದ ಲೆಫ್ಟಿನೆಂಟ್ ಗವರ್ನರ್ ಮೈಕ್ ಸ್ಟಾಕ್ ವಿರುದ್ಧ ಮತ ಹಾಕಿದರು, ಮಸೂದೆ ಬಿತ್ತು.

ಆ ಮಸೂದೆಯಲ್ಲಿ ಹೆಚ್ಚು ಜನ ಗಮನಿಸದ ಒಂದು ಅಂಶ ಇತ್ತು. ಅದು ತೆಗೆದುಹಾಕಲು ಹೊರಟದ್ದು ಬರೀ ಅಜ್ಜಿಯ ಮನೆಯ ತೆರಿಗೆಯಲ್ಲ. ಮಾಲ್, ಗೋದಾಮು, ಆಫೀಸು ಕಟ್ಟಡಗಳ ಶಾಲಾ ತೆರಿಗೆ ಕೂಡ. ಇಷ್ಟು ವರ್ಷ ಕಂಪನಿಗಳು ಕಟ್ಟುತ್ತಿದ್ದ ಆ ಪಾಲು ಇನ್ನು ಮುಂದೆ ಸಾಮಾನು ಕೊಳ್ಳುವವರ, ಸಂಬಳ ತೆಗೆದುಕೊಳ್ಳುವವರ ತಲೆಗೆ ಹೋಗುತ್ತಿತ್ತು. ‘ಆಸ್ತಿ ತೆರಿಗೆ ರದ್ದು’ ಅಂತ ಯಾರಾದರೂ ಹೇಳಿದಾಗ ಯಾರ ಆಸ್ತಿ ಅಂತ ಮೊದಲು ಕೇಳಬೇಕು.

ಇನ್ನೊಂದು ಕಡೆ ಕೋರ್ಟ್ ಮಾತಾಡಿತು. 2023ರ ಫೆಬ್ರವರಿಯಲ್ಲಿ ಪೆನ್ಸಿಲ್ವೇನಿಯಾದ ಕಾಮನ್‌ವೆಲ್ತ್ ಕೋರ್ಟಿನ ನ್ಯಾಯಾಧೀಶೆ ರೆನೆ ಕೋನ್ ಜುಬೆಲಿರರ್ 786 ಪುಟಗಳ ತೀರ್ಪಿನಲ್ಲಿ, ಶಾಲೆಗೆ ದುಡ್ಡು ಹೊಂದಿಸುವ ಆಗಿನ ಪದ್ಧತಿ ರಾಜ್ಯದ ಸಂವಿಧಾನಕ್ಕೆ ವಿರುದ್ಧ ಅಂತ ಹೇಳಿದರು. ಬಡ ಡಿಸ್ಟ್ರಿಕ್ಟ್‌ನ ಮಕ್ಕಳಿಗೆ ಸಮನಾದ ಅವಕಾಶ ಸಿಗುತ್ತಿಲ್ಲ ಎಂಬುದು ಅದರ ತಿರುಳು. ಸರಿಪಡಿಸಿ ಅಂದರು. ಯಾವ ತೆರಿಗೆಯಿಂದ ಅನ್ನುವುದನ್ನು ಶಾಸನಸಭೆಗೆ ಬಿಟ್ಟರು.

ಟೆಕ್ಸಾಸ್‌ನಲ್ಲಿ ಆದಾಯ ತೆರಿಗೆಯೇ ಇಲ್ಲ. ಹಾಗಾಗಿ ಅಲ್ಲಿ ಶಾಲೆಯ ಆಸ್ತಿ ತೆರಿಗೆ ತೆಗೆಯುವ ಮಾತು ಬಂದಾಗಲೆಲ್ಲ ಕಣ್ಣು ಹೋಗುವುದು ಸೇಲ್ಸ್ ಟ್ಯಾಕ್ಸ್ ಕಡೆಗೇ. ಅದು ಈಗಾಗಲೇ ಊರಿನ ಪಾಲು ಸೇರಿ ಶೇ. 8.25ರವರೆಗೆ ಇದೆ. ಸದ್ಯಕ್ಕೆ ಅಲ್ಲಿ ಹಿಡಿದಿರುವುದು ವಿನಾಯಿತಿಯ ದಾರಿ. ಸ್ವಂತ ವಾಸದ ಮನೆಯ ಬೆಲೆಯಲ್ಲಿ ಮೊದಲ 1,00,000 ಡಾಲರ್‌ಗೆ ಶಾಲಾ ತೆರಿಗೆ ಇಲ್ಲ ಅಂತ 2023ರಲ್ಲಿ ಮಾಡಿದರು, 2025ರ ನವೆಂಬರ್‌ನಲ್ಲಿ ಮತದಾರರು ಅದನ್ನು 1,40,000ಕ್ಕೆ ಏರಿಸಿದರು. ಉತ್ತರ ಡಕೋಟಾದಲ್ಲಿ ಮಾತ್ರ, ಆಸ್ತಿ ತೆರಿಗೆಯನ್ನು ಹೆಚ್ಚುಕಡಿಮೆ ಪೂರ್ತಿ ತೆಗೆಯೋಣವೇ ಅಂತ 2012ರಲ್ಲೂ 2024ರಲ್ಲೂ ಕೇಳಿದಾಗ ಜನ ಎರಡೂ ಸಲ ದೊಡ್ಡ ಅಂತರದಲ್ಲಿ ಬೇಡ ಅಂದರು.

ನಾನು ಇಷ್ಟೆಲ್ಲ ಓದಿ ಬಂದು ನಿಂತ ಜಾಗ ಇದು. ಇಲ್ಲಿ ಎರಡು ಪ್ರಶ್ನೆಗಳು ಒಂದಕ್ಕೊಂದು ಗಂಟು ಬಿದ್ದಿವೆ. ದುಡ್ಡನ್ನು ಯಾರಿಂದ ಎತ್ತಬೇಕು? ಎತ್ತಿದ್ದನ್ನು ಯಾರಿಗೆ ಹಂಚಬೇಕು? ಎಡ್ಜ್‌ವುಡ್‌ನ ಮಕ್ಕಳಿಗೆ ಆದ ಅನ್ಯಾಯ ಹಂಚಿಕೆಯದ್ದು. ಊರಿನ ತೆರಿಗೆ ಊರಿನ ಬೇಲಿಯೊಳಗೇ ಉಳಿದದ್ದರಿಂದ ಆ ಅನ್ಯಾಯ ಆಯಿತು. ಅದನ್ನು ಸರಿಮಾಡಲು ಬೇಲಿ ತೆಗೆಯಬೇಕು. ಆಸ್ತಿ ತೆರಿಗೆಯನ್ನೇ ತೆಗೆಯಬೇಕಾಗಿಲ್ಲ.

ಬೇಲಿ ತೆಗೆದು ತೆರಿಗೆ ಉಳಿಸಿಕೊಂಡ ರಾಜ್ಯವೂ ಇದೆ, ವರ್ಮಾಂಟ್. 1997ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಬ್ರಿಗಂ ಪ್ರಕರಣದಲ್ಲಿ ಹಳೇ ಪದ್ಧತಿ ತಪ್ಪು ಅಂದಿತು. ಕೆಲವೇ ತಿಂಗಳಲ್ಲಿ ‘ಆಕ್ಟ್ 60’ ಬಂತು. ಆಸ್ತಿ ತೆರಿಗೆಯನ್ನು ರಾಜ್ಯದ ಮಟ್ಟದಲ್ಲಿ ಒಟ್ಟುಗೂಡಿಸಿ ಹಂಚುವುದು, ಆದಾಯ ಕಡಿಮೆ ಇರುವ ಮನೆಯವರಿಗೆ ಆದಾಯ ನೋಡಿ ತೆರಿಗೆ ಇಳಿಸುವುದು ಅದರ ಸಾರ. ನಮ್ಮ ಅಜ್ಜಿಗೆ ಬೇಕಾದದ್ದು ಇದೇ. ಅವರೊಬ್ಬರ ಸಲುವಾಗಿ ಮಾಲ್‌ಗೂ ಬಂಗಲೆಗೂ ಮಾಫಿ ಕೊಡಬೇಕಾಗಿಲ್ಲ. ಪೆನ್ಸಿಲ್ವೇನಿಯಾದಲ್ಲೂ ವಯಸ್ಸಾದವರಿಗೆ ಆಸ್ತಿ ತೆರಿಗೆ, ಬಾಡಿಗೆ ಎರಡರಲ್ಲೂ ವಾಪಸು ಕೊಡುವ ಯೋಜನೆ ಇದೆ. 2023ರ ಕಾಯಿದೆಯಲ್ಲಿ ಅದರ ಗರಿಷ್ಠ ಮೊತ್ತವನ್ನು 650ರಿಂದ 1,000 ಡಾಲರ್‌ಗೆ ಏರಿಸಿದರು. ಬಾಡಿಗೆಯವರನ್ನೂ ಲೆಕ್ಕಕ್ಕೆ ತೆಗೆದುಕೊಂಡಿದೆ ಅನ್ನುವ ಕಾರಣಕ್ಕೆ ಆ ಯೋಜನೆ ನನಗೆ ಇಷ್ಟ.

ವರ್ಮಾಂಟ್‌ನಲ್ಲಿ ಎಲ್ಲ ಸುಖವಾಗಿದೆ ಅಂತಲ್ಲ. 2024ರಲ್ಲಿ ಅಲ್ಲಿ ಶಾಲಾ ಆಸ್ತಿ ತೆರಿಗೆ ಸರಾಸರಿ ಶೇ. 13.8ರಷ್ಟು ಏರಿತು. ಜನ ಸಿಟ್ಟಾದರು, ಆ ವರ್ಷದ ಚುನಾವಣೆಯಲ್ಲಿ ಶಾಸನಸಭೆಯಲ್ಲಿ ಬಹುಮತವಿದ್ದ ಡೆಮಾಕ್ರಟಿಕ್ ಪಕ್ಷದ ಬಲ ಕುಗ್ಗಿಸಿದರು. ಮಕ್ಕಳ ಸಂಖ್ಯೆ ಇಳಿಯುತ್ತಿರುವ ಸಣ್ಣ ರಾಜ್ಯದಲ್ಲಿ ಶಾಲೆ ನಡೆಸುವುದು ಯಾವ ತೆರಿಗೆಯಿಂದಲೂ ಸುಲಭವಲ್ಲ. ಆದರೂ ಸಿಟ್ಟು ಬಂದಾಗ ಯಾರನ್ನು ಕೇಳಬೇಕು, ಯಾವ ಬಿಲ್ ಹಿಡಿದು ಕೇಳಬೇಕು ಅಂತ ಅವರಿಗೆ ಗೊತ್ತಿತ್ತು.

ಇಲ್ಲಿ ಕರ್ನಾಟಕದ ನೆನಪು ಬಾರದೆ ಇರುವುದಿಲ್ಲ. 2017ರಿಂದ ಜಿಎಸ್‌ಟಿ ದರ ನಿರ್ಧಾರ ಆಗುವುದು ದೇಶದ ಮಟ್ಟದ ಮಂಡಳಿಯಲ್ಲಿ. 2025ರ ಸೆಪ್ಟೆಂಬರ್‌ನಲ್ಲಿ ದರಗಳು ಇಳಿದಾಗ ಕೊಳ್ಳುವವರಿಗೆ ಖುಷಿಯಾಯಿತು. ರಾಜ್ಯದ ಬೊಕ್ಕಸಕ್ಕೆ ಬರುವ ಪಾಲು ಏನಾಗುತ್ತದೆ ಅನ್ನುವ ಚಿಂತೆಯೂ ಜೊತೆಗೇ ಬಂತು. ಊರಿನ ಶಾಲೆಗೆ ಒಬ್ಬ ಗಣಿತದ ಮೇಷ್ಟರು ಬೇಕು ಅಂತ ಎಸ್‌ಡಿಎಂಸಿ ಸಭೆಯಲ್ಲಿ ಪೋಷಕರು ಎಷ್ಟೇ ಕೇಳಿದರೂ, ಆ ದುಡ್ಡಿನ ನಲ್ಲಿ ಅವರ ಕೈಗೆಟುಕುವ ದೂರದಲ್ಲಿ ಇಲ್ಲ. ಹಳ್ಳಿಗೂ ಹಳ್ಳಿಗೂ ಮೇಷ್ಟರ ಸಂಬಳ ಒಂದೇ ಇರುವುದು ನಮ್ಮ ಪದ್ಧತಿಯ ದೊಡ್ಡ ಗುಣ, ಅದನ್ನು ಕಳೆದುಕೊಳ್ಳಬಾರದು. ಎಡ್ಜ್‌ವುಡ್‌ನ ಪೋಷಕರು ಕೋರ್ಟಿನಲ್ಲಿ ಕೇಳಿದ್ದು ಹೆಚ್ಚುಕಡಿಮೆ ಅದನ್ನೇ. ನಲ್ಲಿ ದೂರ ಇರುವುದು ಅದರ ಜೊತೆಗೆ ನಾವು ತೆರುತ್ತಿರುವ ಬೆಲೆ.

ಮಿಶಿಗನ್‌ನಲ್ಲಿ ಮನೆ ಇರುವ ನಮ್ಮವರು ಯಾರಾದರೂ ಇದನ್ನು ಓದುತ್ತಿದ್ದರೆ ಸಮ್ಮರ್ ಟ್ಯಾಕ್ಸ್ ಬಿಲ್ ತೆಗೆದು ನೋಡಿ. ‘ಸ್ಟೇಟ್ ಎಜುಕೇಶನ್ ಟ್ಯಾಕ್ಸ್’ ಅಂತ 6 ಮಿಲ್‌ನ ಒಂದು ಸಾಲು ಇರುತ್ತದೆ. ಅದು ನಿಮ್ಮ ಊರಿಗಲ್ಲ, ಡೆಟ್ರಾಯಿಟ್‌ನ ಮಗುವಿಗೂ ಕಾಲ್ಕಾಸ್ಕಾದ ಮಗುವಿಗೂ ಹೋಗುತ್ತದೆ. ಶಾಲಾ ಸಾಲದ್ದು ಅಂತ ಇನ್ನೊಂದು ಸಾಲು ಇದ್ದರೆ ಅದು ನಿಮ್ಮೂರಿನ ಕಟ್ಟಡಕ್ಕೆ ಮಾತ್ರ. ಈ ಎರಡು ಸಾಲುಗಳ ಪಕ್ಕ ಒಂದು ತಿಂಗಳ ಅಂಗಡಿ ಬಿಲ್ಲುಗಳನ್ನು ಇಟ್ಟು, ಅವುಗಳಲ್ಲಿರುವ ಶೇ. 6ನ್ನು ಕೂಡಿಸಿ ನೋಡಿ. ಆಮೇಲೆ ಪಕ್ಕದ ಅಪಾರ್ಟ್‌ಮೆಂಟಿನಲ್ಲಿ ಬಾಡಿಗೆಗಿರುವ ಕುಟುಂಬದ ಬಿಲ್ಲುಗಳಲ್ಲಿ ಅದು ಎಷ್ಟಿರಬಹುದು ಅಂತಲೂ ಲೆಕ್ಕ ಹಾಕಿ.